ಗೋಲಿನ ಮುಂದೆ ಬೂದುಗುಂಬಳ

ಟೆಂಪೋ ಕೆಟ್ಟು ನಿಲ್ಲಬಹುದಿತ್ತು. ಅದು ಕೆಡದಿದ್ದರೆ ದಾರಿಯಲ್ಲಿ ಕಬ್ಬಿನ ಲಾರಿಯೊಂದು ಅಡ್ಡ ಮಗುಚಿಕೊಂಡಿರಬಹುದಿತ್ತು. ಲಾರಿ ಮಗುಚದೆ ಮುಂದೆ ಮುಂದೆ ಹೋಗುತ್ತಿದ್ದರೆ ನಮ್ಮ ಹುಡುಗರು ಇಳಿದು ಅದರ ಹಿಂದೆ ಓಡಿ, ಒಂದು ಜಲ್ಲೆ ಕಬ್ಬಿಗೆ ಯಾರಾದರೊಬ್ಬ ಕಾಲು ಉಳುಕಿಸಿಕೊಳ್ಳಬಹುದಿತ್ತು. ಬೆಳಗ್ಗೆ ಕ್ಯಾಂಟೀನಿನಲ್ಲಿ ಕಟ್ಟಿಸಿದ ಚಿತ್ರಾನ್ನ ಹಳಸಿರಬಹುದಿತ್ತು. ಜರ್ಸಿಗಳ ಮೂಟೆ ಸ್ಟೋರ್ಸಿನಲ್ಲೇ ಉಳಿದಿರಬಹುದಿತ್ತು. ನನ್ನ ಕಾಲ ಕೆಳಗೇ ಇದ್ದ ಆ ಮೂಟೆಯನ್ನು ನಾನು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತಿ. ನರಸೀಪುರದ ಮೈದಾನದಲ್ಲಿ ಯಾರೋ ಭತ್ತ ಒಣಗಹಾಕಿರಬಹುದಿತ್ತು, ಅಥವಾ ಯಾವುದೋ ಪಕ್ಷದವರು ಶಾಮಿಯಾನ ಹಾಕಿರಬಹುದಿತ್ತು. ರೆಫರಿ ಎದುರಾಳಿಗಳಲ್ಲಿ ಒಬ್ಬನಿಗೆ ಸೋದರಮಾವನಾಗಿರಬಹುದಿತ್ತು. ಮಳೆ ಬರಬಹುದಿತ್ತು. ಫೈನಲ್ ನೋಡಲು ಬರುತ್ತೇನೆಂದಿದ್ದ ನಮ್ಮ ಜಿ.ಎಂ. ಸಾಹೇಬರು ಬಾರದೇ ಇರಬಹುದಿತ್ತು. ಅದಕ್ಕಿಂತ ಭಯಂಕರವಾದದ್ದೆಂದರೆ, ಅವರು ಬರಬಹುದಿತ್ತು.

ಇಷ್ಟನ್ನೂ ನಾನು ನಂಜನಗೂಡು ಬಿಡುವ ಮೊದಲೇ ಚಿಂತಿಸಿ ಮುಗಿಸಿದ್ದೆ. ಚಿಂತೆಯ ವಿಷಯದಲ್ಲಿ ನಾನು ಯಾವ ಕೆಲಸವನ್ನೂ ನಾಳೆಗೆ ಇಟ್ಟುಕೊಂಡವನಲ್ಲ. ಇವುಗಳಲ್ಲಿ ಜಿ.ಎಂ. ಬಂದದ್ದೊಂದು ಬಿಟ್ಟು ಬೇರೇನೂ ಆಗಲಿಲ್ಲ. ಆದದ್ದು ಬೇರೆಯದೇ ಒಂದು ಸಣ್ಣ ಸಂಗತಿ. ಅದಕ್ಕೆ ಬರುತ್ತೇನೆ.

ಈಗೀಗ ತಾಲ್ಲೂಕು ಮಟ್ಟದ ತಂಡಗಳಿಗೂ ಲೈಸೆನ್ಸ್ ಪಡೆದ ಹುಡುಗರು ಮ್ಯಾನೇಜರಾಗಿ ಬರುತ್ತಿದ್ದಾರೆ. ಕೊರಳಲ್ಲಿ ಸೀಟಿ, ಕೈಯಲ್ಲಿ ಟ್ಯಾಬ್. ಅಂಥವರಿಬ್ಬರು ಕಳೆದ ತಿಂಗಳು ಮನೆಗೆ ಬಂದು, "ಸರ್, ನಿಮ್ಮ ಅನುಭವ ಹೇಳಿ" ಎಂದರು. ಅನುಭವ ಎಂದರೆ ಗೆದ್ದ ಕಪ್ಪುಗಳು ಎಂದು ಅವರು ತಿಳಿದಿದ್ದರು. ಷೋಕೇಸಿನಲ್ಲಿ ನನ್ನ ಹೆಂಡತಿಯ ರಂಗೋಲಿ ಸ್ಪರ್ಧೆಯ ಕಪ್ಪುಗಳನ್ನು ನೋಡಿ ಗೌರವದಿಂದ ತಲೆದೂಗಿದರು. ನಾನು ತಿದ್ದಲು ಹೋಗಲಿಲ್ಲ. ಅವರಿಗೆ ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ನಿಮ್ಮಂಥ ಹೊಸ ಮ್ಯಾನೇಜರುಗಳಿಗಾಗಿ ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ, ಸ್ಟೋರ್ಸ್ ವಿಭಾಗದಲ್ಲಿ. ಫುಟ್‌ಬಾಲ್ ತಂಡದ ಮ್ಯಾನೇಜರ್ ಆದದ್ದಕ್ಕೆ ಕಾರಣ ಒಂದೇ: ಚೆಂಡುಗಳನ್ನು ಇಟ್ಟಿದ್ದ ಬೀರುವಿನ ಬೀಗದ ಕೈ ನನ್ನ ಹತ್ತಿರ ಇತ್ತು. ಕಾರ್ಮಿಕರಲ್ಲಿ ಉತ್ಸಾಹ ತುಂಬಬೇಕೆಂದು ಮೇಲಿನಿಂದ ಆದೇಶ ಬಂದಾಗ ಜಿ.ಎಂ., "ಚೆಂಡು ಯಾರ ಹತ್ರ ಇದೆ?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಹಾಗೆ ನಾನು ಮ್ಯಾನೇಜರಾದೆ. ಅಲ್ಲಿಯವರೆಗೆ ನಾನು ಒದ್ದದ್ದು ಸ್ಟೋರ್ಸಿನ ತುಕ್ಕು ಹಿಡಿದ ಬಾಗಿಲನ್ನು ಮಾತ್ರ.

ಮೊದಲ ಪಂದ್ಯ ಕಾರ್ಖಾನೆಯ ಹಿಂದಿನ ಬಯಲಿನಲ್ಲೇ ನಡೆಯಿತು. ಎದುರು ಬಂದದ್ದು ಪಕ್ಕದ ಕಾರ್ಖಾನೆಯವರು. ಆಟ ಚೆನ್ನಾಗಿ ರಂಗೇರಿತ್ತು, ನಮ್ಮವರು ಚೆಂಡನ್ನು ಅವರ ಗೋಲಿನವರೆಗೆ ಒಯ್ದಿದ್ದರು. ಆಗ ಶಿಫ್ಟು ಮುಗಿದ ಸೈರನ್ ಕೂಗಿತು. ನಮ್ಮ ಹುಡುಗರೂ ಅವರ ಹುಡುಗರೂ ಒಟ್ಟಿಗೇ ನಿಂತರು, ಬೆವರು ಒರೆಸಿಕೊಂಡರು, ಗೇಟಿನ ಕಡೆ ನಡೆದರು. ಚೆಂಡು ತಾನೇ ಉರುಳಿಕೊಂಡು ಗೋಲಿನೊಳಗೆ ಹೋಯಿತು. ನೋಡಲು ನಾನೊಬ್ಬನೇ ಇದ್ದೆ. ಇಷ್ಟು ವರ್ಷ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತ ದೇಹಗಳು ಅವು. ಆಮೇಲೆ ಪಂದ್ಯಗಳನ್ನು ಸೈರನ್ ಕೇಳಿಸದಷ್ಟು ದೂರದಲ್ಲಿ ಇಟ್ಟುಕೊಳ್ಳುವುದು ನನ್ನ ಮೊದಲ ತಂತ್ರವಾಯಿತು.

ನಮ್ಮ ಗೋಲ್‌ಕೀಪರ್ ರಾಚಪ್ಪ ಫಿಟ್ಟರ್. ನಲವತ್ತು ದಾಟಿದ್ದ, ಹೊಟ್ಟೆಯೂ ಇತ್ತು. ಗೋಲಿನ ಅರ್ಧ ಭಾಗವನ್ನು ಏನೂ ಮಾಡದೆ ಸುಮ್ಮನೆ ನಿಂತೇ ಮುಚ್ಚುತ್ತಿದ್ದ. ಒಂದು ವರ್ಷ ಎಚ್.ಆರ್. ವಿಭಾಗಕ್ಕೆ ಬಂದ ಹೊಸ ಅಧಿಕಾರಿಯೊಬ್ಬರು ಆಟಗಾರರ ಸಾಧನೆಯನ್ನೂ ಅಳೆಯಬೇಕೆಂದು ಹೊರಟರು. ರಾಚಪ್ಪನನ್ನು ಕರೆಸಿ ಕೇಳಿದರು.

"ಈ ವರ್ಷ ನೀವು ಎಷ್ಟು ಗೋಲ್ ಹಾಕಿದ್ದೀರಿ?"

"ನಾನು ಹಾಕಕ್ಕಿಲ್ಲ ಸಾ, ಬುಡದೇ ಇರೋದು ನನ್ ಕೆಲ್ಸ."

"ಒಂದೂ ಇಲ್ಲವಾ?"

"ಒಂದ್ ಹಾಕ್ದೆ ಸಾ. ಅದು ನಮ್ ಗೋಲ್‌ಗೇ ಹೋಯ್ತು."

ಅವನಿಗೆ 'ಸುಧಾರಣೆ ಅಗತ್ಯ' ಎಂಬ ದರ್ಜೆ ಸಿಕ್ಕಿತು. ಮುಂದಿನ ಪಂದ್ಯದಲ್ಲಿ ರಾಚಪ್ಪ ಸುಧಾರಿಸಿಕೊಳ್ಳಲೆಂದು ಗೋಲು ಬಿಟ್ಟು ಚೆಂಡಿನ ಹಿಂದೆ ಮೈದಾನದ ಆ ತುದಿಯವರೆಗೆ ಓಡಿದ. ವಾಪಸು ಓಡಿ ಬರುವಷ್ಟರಲ್ಲಿ ನಾವು ಸೋತಿದ್ದೆವು. ಮೇಲಧಿಕಾರಿಗಳ ಮಾತನ್ನು ಆಟಗಾರರಿಗೆ ತಲುಪಿಸುವುದು ಮ್ಯಾನೇಜರನ ಕೆಲಸವೆಂದು ನಿಮಗೆ ತರಬೇತಿಯಲ್ಲಿ ಹೇಳಿರುತ್ತಾರೆ. ನನ್ನ ಅನುಭವದಲ್ಲಿ, ತಲುಪದಂತೆ ನೋಡಿಕೊಳ್ಳುವುದೇ ಆ ಕೆಲಸ.

ವಿಧಾನಗಳೂ ಬದಲಾದವು. ಮೊದಮೊದಲು ನಾನು ಸ್ಟೋರ್ಸಿನ ಮೇಜಿನ ಮೇಲೆ ನಟ್ಟು ಬೋಲ್ಟುಗಳನ್ನಿಟ್ಟು ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸುತ್ತಿದ್ದೆ. "ನಂಗ್ಯಾಕೆ ಸಾ ವಾಷರ್ರು, ಕುಮಾರನ್ಗೆ ಮಾತ್ರ ಇಂಚಿನ ಬೋಲ್ಟು?" ಎಂದು ಜಗಳಗಳಾಗುತ್ತಿದ್ದವು. ಆಮೇಲೆ ಮೊಬೈಲ್ ಬಂತು. ಯೂಟ್ಯೂಬಿನಲ್ಲಿ ಹೊರದೇಶದ ಮ್ಯಾನೇಜರುಗಳು ಕೋಟು ತೊಟ್ಟು ಗೆರೆಯಂಚಿನಲ್ಲಿ ನಿಂತು ಕೈ ಬೀಸುವುದನ್ನು ನೋಡಿ ನಾನೂ ಬೀಸತೊಡಗಿದೆ. ಅದರ ಅರ್ಥ ಹುಡುಗರಿಗೂ ತಿಳಿಯಲಿಲ್ಲ, ನನಗೂ ತಿಳಿದಿರಲಿಲ್ಲ. ಒಮ್ಮೆ ನಾನು ಕೈ ಬೀಸಿದ್ದಕ್ಕೆ ಮೈಸೂರಿಗೆ ಹೊರಟಿದ್ದ ಬಸ್ಸು ನಿಂತಿತು.

ಈಗ ಕುಮಾರನ ವಿಷಯ. ಹೆಮ್ಮರಗಾಲದ ಹುಡುಗ, ನಮ್ಮಲ್ಲಿ ಕಂಟ್ರಾಕ್ಟ್ ಕೆಲಸಗಾರ. ಗುತ್ತಿಗೆಯವನ ಕಾಗದ ಮುಗಿದಾಗಲೆಲ್ಲ ಗೇಟಿನ ಹೊರಗೆ ನಿಂತು, ಮತ್ತೆ ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವ ಬದುಕು. ಆದರೆ ಅವನ ಕಾಲಿಗೆ ಚೆಂಡು ಸಿಕ್ಕರೆ ನಾನು ಕೂಡ ಚಿಂತೆ ಮರೆಯುತ್ತಿದ್ದೆ. ತಂಡದಲ್ಲಿ ಫುಟ್‌ಬಾಲ್ ಆಡಲು ಬರುತ್ತಿದ್ದವನು ಅವನೊಬ್ಬನೇ. ಉಳಿದವರು ಜೊತೆಗೆ ಓಡುತ್ತಿದ್ದರು.

ನಾವು ಹೇಗೋ ಫೈನಲ್ ತಲುಪಿದ ವರ್ಷ ಜಿ.ಎಂ. ಕ್ಯಾಂಟೀನಿಗೆ ಬಂದು ಎಲ್ಲರೆದುರು ಹೇಳಿದರು: "ಕಪ್ ತನ್ನಿ. ಫೈನಲ್‌ನಲ್ಲಿ ಗೋಲ್ ಹಾಕಿದವನು ಕಂಟ್ರಾಕ್ಟ್ ಆಗಿದ್ದರೆ ಪರ್ಮನೆಂಟ್ ಮಾಡ್ತೀನಿ." ಎಲ್ಲರೂ ಕುಮಾರನ ಕಡೆ ನೋಡಿದರು. ಅವನು ತಟ್ಟೆಯಲ್ಲಿದ್ದ ಮುದ್ದೆಯನ್ನು ನೋಡುತ್ತ ಕೂತ. ಅವನ ಹೆಂಡತಿ ಸವಿತಳಿಗೆ ದಿನ ತುಂಬುತ್ತ ಬಂದಿತ್ತು. ಹಿಂದೆ ಒಂದು ಸಲ ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಅದಕ್ಕೇ ಈ ಸಲ ಅವನು ಹೆಜ್ಜೆ ನೋಡಿ ನೋಡಿ ಇಡುತ್ತಿದ್ದ. ಸಾವಿನ ಮನೆಗೆ ಹೋಗುತ್ತಿರಲಿಲ್ಲ, ಮೂರುದಾರಿ ಕೂಡುವಲ್ಲಿ ಸುತ್ತಿ ಹೋಗುತ್ತಿದ್ದ.

ಜಿ.ಎಂ. ಬಗ್ಗೆಯೂ ಒಂದು ಮಾತು. ಅವರು ಬೆಂಗಳೂರಿನವರು, ಇಂಜಿನಿಯರು, ಆಯುಧಪೂಜೆಯ ದಿನ ರಜೆ ಹಾಕುವವರು. ಅವರ ಬದುಕಿನ ದುಃಖ ಒಂದೇ: ಹಳದಿ ಗೆರೆ. ಯಂತ್ರಗಳ ಸುತ್ತ ನೆಲದ ಮೇಲೆ ಹಳದಿ ಗೆರೆ ಎಳೆಸಿದ್ದರು, ಯಂತ್ರ ಓಡುವಾಗ ಯಾರೂ ದಾಟಬಾರದು. ಎಲ್ಲರೂ ದಾಟುತ್ತಿದ್ದರು. ಬೋರ್ಡು ಹಾಕಿಸಿದರು, ಭಾಷಣ ಮಾಡಿಸಿದರು, ಬೆರಳು ಕಳೆದುಕೊಂಡವನ ಚಿತ್ರವನ್ನು ಯಂತ್ರಕ್ಕೇ ಅಂಟಿಸಿದರು. ಜನ ಆ ಚಿತ್ರವನ್ನು ಹತ್ತಿರದಿಂದ ನೋಡಲು ಗೆರೆ ದಾಟಿ ಹೋದರು.

ಫೈನಲ್ ಬಂದದ್ದು ಆಯುಧಪೂಜೆ ಕಳೆದ ಮೇಲಿನ ಭಾನುವಾರ. ಸ್ಟೋರ್ಸಿನಲ್ಲಿ ಪೂಜೆಗೆ ತರಿಸಿದ್ದ ಬೂದುಗುಂಬಳಗಳಲ್ಲಿ ದೊಡ್ಡದೊಂದು ಉಳಿದಿತ್ತು. ರಾಚಪ್ಪ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಟೆಂಪೋದಲ್ಲಿ ಕೂತಿದ್ದ.

"ಇದ್ಯಾಕೋ?" ಎಂದೆ.

"ಸೆಮಿಫೈನಲ್ಲಲ್ಲೇ ನಮ್ ಗೋಲ್‌ಗೆ ದಿಷ್ಟಿ ಆಗದೆ ಸಾ. ಇಲ್ದಿದ್ರೆ ಅಂಥ ಚೆಂಡ ನಾನು ಬುಡ್ತಿದ್ನಾ? ಹೋದೇಟ್ಗೆ ನಿವಾಳ್ಸಿ ಒಡ್ದ್‌ಬುಡವ."

ನೀವಾಗಿದ್ದರೆ ನಗುತ್ತಿದ್ದಿರಿ. ನಾನು ಕರ್ಪೂರ ತಂದಿದ್ದಾನೋ ಇಲ್ಲವೋ ಎಂದು ಕೇಳಿದೆ. ಮುನ್ನೆಚ್ಚರಿಕೆ ಎಂಬ ಹೆಸರಿನಲ್ಲಿ ಯಾರು ಏನು ಹೇಳಿದರೂ ಒಪ್ಪಿಕೊಳ್ಳುವ ಜಾತಿ ನನ್ನದು.

ಎದುರಾಳಿಗಳು ತಿ. ನರಸೀಪುರದ ಹುಡುಗರ ತಂಡ. ಅವರ ಮುಂಚೂಣಿಯಲ್ಲಿ ಸೋಮನಾಥಪುರದ ಉದ್ದನೆಯ ಹುಡುಗನೊಬ್ಬನಿದ್ದ. ಅವನ ಹೆಜ್ಜೆ ನೋಡಿಯೇ ನಾನು ರಾಚಪ್ಪನಿಗೆ ಕುಂಬಳಕಾಯಿ ಎಲ್ಲಿ ಎಂದು ಕೇಳಿದೆ. ಟಾಸ್ ಆಯಿತು. ನಮಗೆ ನದಿಯ ಕಡೆಯ ಗೋಲು ಬಂತು. ಯಾವ ಗೋಲು ಎಂದು ಖಚಿತವಾದ ಮೇಲೆಯೇ ಒಡೆಯಬೇಕೆಂದು ನಾನು ತಾಕೀತು ಮಾಡಿದ್ದೆ. ಅಷ್ಟು ಹುಷಾರಿನ ಮನುಷ್ಯ ನಾನು. ರಾಚಪ್ಪ ಗೋಲಿಗೆ ಕುಂಬಳಕಾಯಿಯನ್ನು ನಿವಾಳಿಸಿ, ಗೋಲಿನ ಮುಂದೆಯೇ ಎತ್ತಿ ಒಡೆದ. ಕುಂಕುಮ ಕಲಸಿದ ತಿರುಳು ಕೆಂಪಗೆ ಈ ಕಂಬದಿಂದ ಆ ಕಂಬದವರೆಗೆ ಚೆಲ್ಲಿತು. ಮೇಲೆ ನಾಲ್ಕು ನಿಂಬೆಹಣ್ಣು ಹಿಂಡಿ ಎಸೆದ. ರೆಫರಿ ಸ್ಥಳೀಯ ಶಾಲೆಯ ಪಿ.ಟಿ. ಮೇಷ್ಟ್ರು. ದೂರದಿಂದಲೇ ಕೈಮುಗಿದು, "ಬೇಗ ಮುಗಿಸ್ಕಳಿ" ಎಂದರು.

ಆಟ ಶುರುವಾಯಿತು. ಸೋಮನಾಥಪುರದ ಹುಡುಗ ಮೊದಲ ನಿಮಿಷಗಳಲ್ಲೇ ನಮ್ಮ ಇಬ್ಬರನ್ನು ದಾಟಿ ಗೋಲಿನ ಹತ್ತಿರ ಬಂದ. ನಾನು ಕಣ್ಣು ಮುಚ್ಚಿದೆ. ತೆಗೆದಾಗ ಅವನು ಕುಂಬಳಕಾಯಿಯ ಅಂಚಿನಲ್ಲಿ ಬ್ರೇಕು ಹಾಕಿದಂತೆ ನಿಂತಿದ್ದ. ದೃಷ್ಟಿ ತೆಗೆದದ್ದನ್ನು ನಮ್ಮ ಕಡೆ ಯಾರೂ ತುಳಿಯುವುದಿಲ್ಲ. ತುಳಿದರೆ ಅದರಲ್ಲಿರುವುದೆಲ್ಲ ತುಳಿದವನಿಗೆ ಅಂಟುತ್ತದೆ. ಅವನು ಅತ್ತ ಸುತ್ತಿದ, ಇತ್ತ ಸುತ್ತಿದ. ಕೊನೆಗೆ ನಿಂತಲ್ಲಿಂದ ಎತ್ತಿ ಒದ್ದದ್ದು ನೇರ ರಾಚಪ್ಪನ ಹೊಟ್ಟೆಗೆ ಬಂತು. ಮೊದಲ ಅರ್ಧವೆಲ್ಲ ಹಾಗೇ ಆಯಿತು. ಬರುವುದು, ನಿಲ್ಲುವುದು, ಸುತ್ತುವುದು. ಆ ಕಡೆ ಕುಮಾರನ ಎರಡು ಒದೆತ ಕಂಬಕ್ಕೆ ಬಡಿದು ವಾಪಸಾದವು. "ಸೆಕೆಂಡ್ ಹಾಫಲ್ಲಿ ಹಾಕ್ತೀನಿ ಸಾ" ಎಂದು ದೂರದಿಂದಲೇ ಕೂಗಿದ.

ಅರ್ಧ ಆಟದ ಸೀಟಿ ಊದಿದ ಮೇಲೆ ನಾನು ಹುಡುಗರಿಗೆ ರಸಬಾಳೆ ಹಂಚುತ್ತಿದ್ದೆ. ಜಿ.ಎಂ. ಕುರ್ಚಿಯಿಂದ ಎದ್ದು ಬಂದರು.

"ಡಿಫೆನ್ಸ್ ಅದ್ಭುತ ಕಣ್ರೀ. ಒಬ್ಬನೂ ಹತ್ರ ಬರೋಕೆ ಆಗ್ತಿಲ್ಲ. ಯಾವ ಸಿಸ್ಟಂ ಇದು?"

"ನಮ್ಮದೇ ಸಾರ್" ಎಂದೆ. "ಇಲ್ಲಿಯದು."

ಬದುಕಿನಲ್ಲಿ ಮೊದಲ ಸಲ ನನಗೆ ಚಿಂತೆ ಮಾಡಲು ಏನೂ ಇರಲಿಲ್ಲ. ಬಾಳೆಹಣ್ಣು ಸುಲಿದು ನಾನೂ ಒಂದು ಬಾಯಿಗಿಟ್ಟೆ. ಆಗ ರಾಚಪ್ಪ ನೀರಿನ ಬಾಟಲಿ, ಟವಲು ಎತ್ತಿಕೊಂಡು ಆಚೆ ತುದಿಯ ಗೋಲಿನ ಕಡೆ ನಡೆಯತೊಡಗಿದ.

"ಎಲ್ಲಿಗೋ?"

"ಆ ಕಡೀಕ್ ಸಾ. ಈಗ ಬದ್ಲಾಯ್ಸಬೇಕಲ್ವ."

ಬಾಯಲ್ಲಿದ್ದ ಹಣ್ಣು ಅಲ್ಲೇ ಉಳಿಯಿತು. ನದಿಯ ಕಡೆಯ ಗೋಲಿನಲ್ಲಿ ಎದುರಾಳಿಗಳ ಕೀಪರ್ ಆಗಲೇ ಹೋಗಿ ನಿಂತು, ತನ್ನ ಮುಂದೆ ಹರಡಿದ್ದ ಕೆಂಪು ರಾಶಿಯನ್ನು ಪ್ರೀತಿಯಿಂದ ನೋಡುತ್ತಿದ್ದ. ನಾವು ಗೋಲು ಹಾಕಬೇಕಾದದ್ದು ಅಲ್ಲಿಗೆ.

ರೆಫರಿಯ ಹತ್ತಿರ ಓಡಿದೆ. "ಸಾರ್, ಅದನ್ನ ಯಾರಾದ್ರೂ ಗುಡಿಸಿಬಿಟ್ರೆ..."

"ನಿಮ್ ಕುಂಬಳಕಾಯಿ, ನೀವೇ ಗುಡಿಸ್ಕಳಿ ಸಾ. ನಂಗೂ ಮನೇಲಿ ಮಕ್ಕಳವ್ರೆ."

ಹುಡುಗರನ್ನು ಕೇಳಿದೆ. ಎಲ್ಲರಿಗೂ ಆ ಕ್ಷಣದಲ್ಲೇ ಬೂಟಿನ ದಾರ ಬಿಚ್ಚಿಹೋಗಿತ್ತು. ಒಬ್ಬ ಮಾತ್ರ ತಲೆಯೆತ್ತದೆ, "ನೀವೇ ತಗುದ್ಬುಡಿ ಸಾ, ಮೇನೇಜರ್ರು ನೀವಲ್ವಾ" ಎಂದ. ನಾನು ಹೋದೆ. ಅಂಚಿನವರೆಗೆ ಹೋದೆ. ಬಗ್ಗಿದೆ. ನನ್ನ ಬಿ.ಪಿ. ನೆನಪಾಯಿತು, ಮಗಳ ಪರೀಕ್ಷೆ ನೆನಪಾಯಿತು, ಅಣ್ಣನ ಎದೆಯ ಆಪರೇಷನ್ ನೆನಪಾಯಿತು. ಬೂಟಿನ ದಾರ ಕಟ್ಟಿಕೊಂಡು ವಾಪಸು ಬಂದೆ. ನನ್ನ ಕಾಲಲ್ಲಿದ್ದದ್ದು ಚಪ್ಪಲಿ.

ಬೇಲಿಯ ಹತ್ತಿರ ಒಂದು ಹಸು ಮೇಯುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ ತೋರಿಸಿ, ಬಾ ಬಾ ಎಂದು ಅದನ್ನು ಗೋಲಿನವರೆಗೆ ಕರೆದುಕೊಂಡು ಹೋದೆ. ಜನ ಚಪ್ಪಾಳೆ ತಟ್ಟಿದರು. ಹಸು ಕುಂಬಳಕಾಯಿಯನ್ನು ಮೂಸಿತು, ನನ್ನ ಮುಖ ನೋಡಿತು, ಸಿಪ್ಪೆ ಕಿತ್ತುಕೊಂಡು ಹೊರಟುಹೋಯಿತು. ಅದಕ್ಕೂ ಒಂದು ಕರುವಿತ್ತು.

ಎರಡನೇ ಅರ್ಧದಲ್ಲಿ, ಈಗ ಏನೂ ಚೆಲ್ಲದೆ ಶುಭ್ರವಾಗಿದ್ದ ನಮ್ಮ ಗೋಲಿಗೆ ಸೋಮನಾಥಪುರದ ಹುಡುಗ ಒಂದು ಹಾಕಿದ. ನಾವು ಸುತ್ತುತ್ತಿದ್ದೆವು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತಿರುವಾಗ ಕುಮಾರನಿಗೆ ಚೆಂಡು ಸಿಕ್ಕಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ. ಕೀಪರ್ ಕಂಬ ಸುತ್ತಿಕೊಂಡು ಮುಂದೆ ಓಡಿಬಂದ, ಅವನನ್ನೂ ದಾಟಿದ. ಎದುರಿಗೆ ಖಾಲಿ ಗೋಲು. ನಿಂತಲ್ಲಿಂದಲೇ ಒದ್ದ. ಚೆಂಡು ನೆಲಕ್ಕಂಟಿ ಹೋಗಿ, ತಿರುಳಿನಲ್ಲಿ ಒಂದು ಸಲ ತಿರುಗಿ, ಕುಂಬಳಕಾಯಿಯ ದೊಡ್ಡ ಹೋಳೊಂದಕ್ಕೆ ಆತುಕೊಂಡು ನಿಂತಿತು. ಗೋಲಿನ ಗೆರೆಗೆ ಒಂದು ಗೇಣು ಬಾಕಿ.

ಕುಮಾರ ಓಡಿಬಂದು ಅಂಚಿನಲ್ಲಿ ನಿಂತ. ಕೀಪರ್ ಹಿಂದಿನಿಂದ ಓಡಿಬಂದು ಅವನ ಪಕ್ಕದಲ್ಲೇ ನಿಂತ. ಎರಡೂ ಕಡೆಯ ಉಳಿದವರು ಬಂದು ಸುತ್ತ ನಿಂತರು. ನಡುವೆ ಕುಂಕುಮ, ನಿಂಬೆಹಣ್ಣು, ಚೆಂಡು. ಹೊರಗಿನಿಂದ ನೋಡಿದವರಿಗೆ ಯಾವುದೋ ಪೂಜೆ ನಡೆಯುತ್ತಿದೆ ಎನಿಸಬೇಕು. ರೆಫರಿಯೂ ಬಂದು ಬಗ್ಗಿ ನೋಡಿ, ಗಡಿಯಾರ ನೋಡಿಕೊಂಡರು.

"ಒದಿಯೋ" ಎಂದು ಜನ ಕೂಗಿದರು. "ಒದಿಲಾ ಕುಮಾರ, ಒಂದ್ ಕಾಲ್ ಅಲ್ವೇನ್ಲಾ" ಎಂದು ನಮ್ಮವರೇ ಕೂಗಿದರು. ಅವರಲ್ಲಿ ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಕುಮಾರ ಒಂದು ಕಾಲನ್ನು ಎತ್ತಿದ. ಅದನ್ನು ಗಾಳಿಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದ.

"ಸಾ, ಏನ್ ಮಾಡ್ಲಿ?"

ಮ್ಯಾನೇಜರಾಗಿ ಇಷ್ಟು ವರ್ಷದಲ್ಲಿ ಆಟದ ನಡುವೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೊಂದೇ ಸಲ. ತುಳಿದರೆ ಪರ್ಮನೆಂಟ್ ಕೆಲಸದ ಆಸೆ ಉಳಿಯುತ್ತಿತ್ತು. ಗೇಟಿನ ಹೊರಗೆ ಕಾಯುವುದು ತಪ್ಪುತ್ತಿತ್ತು. ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅದೇ ಅಂಚಿನಲ್ಲಿ ಬಗ್ಗಿದ್ದಾಗಲೂ ಗೊತ್ತಿತ್ತು. ಆದರೆ ಆಮೇಲೆ ಸವಿತಳಿಗೆ ಸಣ್ಣ ನೋವು ಬಂದರೂ ಈ ಹುಡುಗ ತನ್ನ ಕಾಲನ್ನೇ ನೋಡಿಕೊಳ್ಳುತ್ತಾನೆ. ನಾನು ಕೈ ಬೀಸಿದೆ. ಆ ಸಲ ಅದರ ಅರ್ಥ ಇಬ್ಬರಿಗೂ ತಿಳಿಯಿತು.

"ಬೇಡ ಕಣೋ. ಬಂದ್ಬಿಡು."

ಅವನು ಕಾಲಿಳಿಸಿದ. ರೆಫರಿ ಸೀಟಿ ಊದಿದರು. ಚೆಂಡು ಅಲ್ಲೇ ಇತ್ತು. ನಾವು ಅದನ್ನು ಬಿಟ್ಟೇ ಬಂದೆವು.

ಮಾರನೇ ದಿನ ಜಿ.ಎಂ. ಕರೆಸಿದರು. ಕಿಟಕಿಯಿಂದ ಕೆಳಗಿನ ಯಂತ್ರಗಳನ್ನು ನೋಡುತ್ತ ನಿಂತಿದ್ದರು. ಅಲ್ಲಿ ಒಬ್ಬ ಟೀ ಲೋಟ ಹಿಡಿದು ಹಳದಿ ಗೆರೆಯ ಮೇಲೇ ನಡೆದು ಹೋಗುತ್ತಿದ್ದ.

"ಆ ಹುಡುಗ ಯಾಕೆ ನಿಂತ?"

ನಾನು ಎಲ್ಲ ಹೇಳಿದೆ. ಹೆಂಡತಿ ಬಸುರಿ ಎಂದೆ. ತಪ್ಪು ನನ್ನದು, ಅವನದಲ್ಲ ಎಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಎದುರಿಗೆ ಕಪ್ಪು. ಕೆಲಸ. ಸುತ್ತ ಜನ ಕೂಗ್ತಿದ್ದಾರೆ. ಆದರೂ ದಾಟಲಿಲ್ಲ."

"ಹೌದು ಸಾರ್."

"ಇಷ್ಟು ವರ್ಷದಿಂದ ನಾನು ಇಂಥ ಒಬ್ಬನ್ನ ಹುಡುಕ್ತಿದ್ದೀನಿ ಕಣ್ರೀ. ಅವನನ್ನ ಸೇಫ್ಟಿಗೆ ಹಾಕಿ. ಪರ್ಮನೆಂಟ್."

ಕುಮಾರ ಸೇಫ್ಟಿ ವಿಭಾಗಕ್ಕೆ ಸೇರಿದ ವಾರದಲ್ಲೇ ಒಂದು ಬೆಳಗ್ಗೆ ದೊಡ್ಡ ಪ್ರೆಸ್ಸಿನ ಸುತ್ತ, ಹಳದಿ ಗೆರೆಯ ಉದ್ದಕ್ಕೂ, ಕುಂಕುಮ ಹಚ್ಚಿದ ನಿಂಬೆಹೋಳುಗಳು ಸಾಲಾಗಿ ಕಂಡವು. ಅವತ್ತಿನಿಂದ ಆ ಗೆರೆಯನ್ನು ಯಾರೂ ದಾಟಿಲ್ಲ. ಹೆಡ್ ಆಫೀಸಿನವರು ತಪಾಸಣೆಗೆ ಬಂದಾಗ ಜಿ.ಎಂ. ಅದನ್ನು 'ಸ್ಥಳೀಯ ಸುರಕ್ಷತಾ ಕ್ರಮ' ಎಂದು ವಿವರಿಸಿದರು. ವಿವರಿಸುವಾಗ ತಮ್ಮ ಬೂಟು ಗೆರೆಗೆ ತಗುಲದಂತೆ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ. ಸುರಕ್ಷತೆಗೆ ಶೀಲ್ಡು ಬಂತು. ಫುಟ್‌ಬಾಲ್‌ನಿಂದ ಬರಬೇಕಾದ ಲಾಭವೆಲ್ಲ ಬಂದಾಯಿತೆಂದು ತಂಡವನ್ನು ಮುಚ್ಚಿದರು. ಸ್ಟೋರ್ಸ್ ಕಂಪ್ಯೂಟರಿಗೆ ಹೋದ ಮೇಲೆ ನಾನೂ ಸ್ವಯಂನಿವೃತ್ತಿ ತೆಗೆದುಕೊಂಡೆ. ಸವಿತಳಿಗೆ ಹೆಣ್ಣು ಮಗು ಹುಟ್ಟಿತು, ಗಟ್ಟಿಮುಟ್ಟಾಗಿದೆ. ಯಾವುದರಿಂದ ಎಂದು ನಾನು ಯಾರೊಂದಿಗೂ ವಾದ ಮಾಡುವುದಿಲ್ಲ.

ನಿಮ್ಮ ಟ್ಯಾಬಿನಲ್ಲಿ ಎಲ್ಲ ಇದೆಯೆಂದು ಗೊತ್ತು. ಆದರೂ ಪಂದ್ಯದ ಹಿಂದಿನ ದಿನ ಕೂತು ಎಲ್ಲವನ್ನೂ ಒಂದು ಸಲ ಚಿಂತಿಸಿ. ನಾನು ಚಿಂತಿಸಿದ್ದೆ. ಟೆಂಪೋ ಕೆಡಲಿಲ್ಲ. ಲಾರಿ ಮಗುಚಲಿಲ್ಲ. ಚಿತ್ರಾನ್ನ ಚೆನ್ನಾಗಿತ್ತು. ಜರ್ಸಿ ಮೂಟೆ ಕಾಲ ಕೆಳಗೇ ಇತ್ತು. ಮೈದಾನ ಖಾಲಿಯಿತ್ತು, ರೆಫರಿ ಯಾರಿಗೂ ಮಾವನಲ್ಲ, ಮಳೆ ಮೋಡವೂ ಇರಲಿಲ್ಲ. ಅರ್ಧ ಆಟ ಮುಗಿದ ಮೇಲೆ ಎರಡೂ ತಂಡದವರು ಗೋಲು ಅದಲುಬದಲು ಮಾಡಿಕೊಂಡರು, ಅಷ್ಟೇ.